ಸಿ ಫೈಲ್ ಹ್ಯಾಂಡ್ಲಿಂಗ್: ಐದು ಹೆಸರು ಆರಾಗಿದ್ದು ಹೇಗೆ?

ಫೈಲಿನಲ್ಲಿ ಐದು ಹೆಸರು ಬರೆದಿಟ್ಟಿದ್ದೆ, ಸಾಲಿಗೊಂದರಂತೆ. ಅವನ್ನು ಓದಿ ತೋರಿಸುವ ಸಿ ಭಾಷೆಯ ಪ್ರೋಗ್ರಾಂ ಓಡಿಸಿದರೆ ಆರು ಬಂದವು, ಕೊನೆಯದು ಎರಡು ಸಲ. ಫೈಲ್ ತೆರೆದು ನೋಡಿದರೆ ಅಲ್ಲಿ ಐದೇ ಇವೆ. ಕಂಪೈಲರ್ ಕೂಡ ಒಂದು ವಾರ್ನಿಂಗ್ ಕೊಟ್ಟಿರಲಿಲ್ಲ. ಎಲ್ಲೋ ಎಣಿಕೆ ತಪ್ಪಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಬೇಡದ ಜಾಗದಲ್ಲಿ ಹುಡುಕಿದೆ. ತಪ್ಪು ಇದ್ದದ್ದು ಓದುವ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ವೈಲ್ ಲೂಪ್‌ನ ಕಂಡೀಷನ್‌ನಲ್ಲಿ. 'ಎಫ್‌ಇಒಎಫ್ ಅಲ್ಲದಿರುವ ತನಕ ಓದು' (feof, ಫೈಲಿನ ಕೊನೆ ಬಂತೇ ಅಂತ ಹೇಳುವ ಫಂಕ್ಷನ್) ಅಂತ ಬರೆದಿದ್ದೆ, ಎಲ್ಲ ಹೊಸಬರೂ ಒಮ್ಮೆಯಾದರೂ ಬರೆಯುವ ಹಾಗೆ.

ಎಫ್‌ಇಒಎಫ್ ಮುಂದೆ ಏನಿದೆ ಅಂತ ಇಣುಕಿ ನೋಡುವುದಿಲ್ಲ. ಈಗಾಗಲೇ ಆದ ಓದು ಫೈಲಿನ ಕೊನೆಗೆ ತಗುಲಿತ್ತೇ ಅನ್ನುವುದನ್ನಷ್ಟೇ ಹೇಳುತ್ತದೆ. ಐದನೇ ಹೆಸರು ಓದಿ ಮುಗಿದಾಗ ಅದರ ಪಕ್ಕದ ನ್ಯೂಲೈನ್ (ಎಂಟರ್ ಒತ್ತಿದಾಗ ಸೇರುವ, ಸಾಲು ಮುಗಿಸುವ ಅಕ್ಷರ) ಇನ್ನೂ ಇತ್ತು, ಓದು ಅಲ್ಲಿಗೇ ನಿಂತಿತು, ಕೊನೆ ಅದಕ್ಕೆ ಕಾಣಲೇ ಇಲ್ಲ. ಹಾಗಾಗಿ ಲೂಪ್ ಆರನೇ ಸಲ ಒಳಗೆ ಹೋಯಿತು, ಹೆಸರು ಓದುವ ಫಂಕ್ಷನ್ ಎಫ್‌ಸ್ಕ್ಯಾನ್‌ಎಫ್‌ಗೆ ಏನೂ ಸಿಗಲಿಲ್ಲ, ಆದರೆ ವೇರಿಯಬಲ್‌ನಲ್ಲಿ ಹಳೆಯ ಹೆಸರು ಹಾಗೇ ಕೂತಿತ್ತು ನೋಡಿ, ತೆರೆಗೆ ಬರೆಯುವ ಪ್ರಿಂಟ್‌ಎಫ್ ಅದನ್ನೇ ಮತ್ತೆ ತೋರಿಸಿತು.

ತಲೆ ಕೆಡಿಸುವ ಭಾಗ ಇನ್ನೂ ಇದೆ. ಫೈಲಿನ ಕೊನೆಯ ಸಾಲಿನಲ್ಲಿ ಎಂಟರ್ ಒತ್ತದೇ ಸೇವ್ ಮಾಡಿದ್ದರೆ ಇದೇ ತಪ್ಪು ಕೋಡ್ ಸರಿಯಾಗಿ ಐದೇ ಹೆಸರು ತೋರಿಸುತ್ತದೆ! ಐದನೆಯದನ್ನು ಓದುವಾಗಲೇ ಕೊನೆ ತಗುಲಿಬಿಡುತ್ತದಲ್ವಾ, ಅದಕ್ಕೆ. 'ನಿನ್ನೆ ಸರಿ ಇತ್ತು, ಇವತ್ತು ಏನಾಯಿತು' ಅನ್ನುವ ಗೋಳಿಗೆ ಎಷ್ಟೋ ಸಲ ಇಂಥದ್ದೇ ಕಾರಣ. ಕೋಡ್ ನಿನ್ನೆಯೂ ತಪ್ಪೇ ಇತ್ತು, ಫೈಲ್ ಕಾಪಾಡಿತ್ತು ಅಷ್ಟೇ.

ಪರಿಹಾರ ಸುಲಭ. ಓದುವ ಕೆಲಸವನ್ನೇ ಕಂಡೀಷನ್ ಒಳಗೆ ಹಾಕಿ. ಸಾಲು ಸಾಲಾಗಿ ಓದುವ ಎಫ್‌ಗೆಟ್ಸ್ ಆದರೆ ನಲ್ (ಏನೂ ಇಲ್ಲ ಅನ್ನುವ ಖಾಲಿ ಪಾಯಿಂಟರ್) ಬರುವ ತನಕ ಓದಿ. ಎಫ್‌ಸ್ಕ್ಯಾನ್‌ಎಫ್ ಎಷ್ಟು ಐಟಂ ತುಂಬಿಸಿದೆ ಅನ್ನುವ ಸಂಖ್ಯೆ ಕೊಡುತ್ತದೆ, ಒಂದು ಕೇಳಿದ್ದರೆ ಅದು 1 ಇರುವ ತನಕ ಮಾತ್ರ ಮುಂದುವರಿಯಿರಿ. ಹಾಗಾದರೆ ಎಫ್‌ಇಒಎಫ್ ಯಾಕಿದೆ? ಲೂಪ್ ಮುಗಿದ ಮೇಲೆ ಯಾಕೆ ಮುಗಿಯಿತು ಅಂತ ಕೇಳುವುದಕ್ಕೆ: ಫೈಲ್ ನಿಜವಾಗಿ ಮುಗಿಯಿತೋ, ಓದುವಾಗ ಏನಾದರೂ ಎರರ್ ಬಂತೋ. ಎರಡನೆಯದಕ್ಕೆ ಎಫ್‌ಎರರ್ ಅಂತ ಬೇರೆ ಫಂಕ್ಷನ್ ಇದೆ.

ಒಂದೊಂದೇ ಅಕ್ಷರ ಓದುವವರು ಎಫ್‌ಗೆಟ್‌ಸಿ ಕೊಡುವ ಬೆಲೆಯನ್ನು ಒಂದೇ ಬೈಟಿನ ಕ್ಯಾರ್‌ನಲ್ಲಿ ಅಲ್ಲ, ಅದಕ್ಕಿಂತ ದೊಡ್ಡ ಇಂಟ್‌ನಲ್ಲಿ ಇಟ್ಟುಕೊಳ್ಳಿ. ಅದು 0ಯಿಂದ 255ರವರೆಗಿನ ಬೈಟ್ ಕೊಡಬೇಕು, ಜೊತೆಗೆ ಇಒಎಫ್ ಅನ್ನುವ ನೆಗೆಟಿವ್ ಸಂಖ್ಯೆಯನ್ನೂ ಕೊಡಬೇಕು, ಸಾಮಾನ್ಯವಾಗಿ ಅದು ಮೈನಸ್ 1. ಇಷ್ಟೂ ಒಂದು ಕ್ಯಾರ್‌ನಲ್ಲಿ ಹಿಡಿಸುವುದಿಲ್ಲ. ಕ್ಯಾರ್ ಸೈನ್ಡ್ (ನೆಗೆಟಿವ್ ಸಂಖ್ಯೆಯನ್ನೂ ಹಿಡಿಯುವಂಥದ್ದು) ಆಗಿರುವ ಕಡೆ 255 ಬಂದರೆ ಅದು ಮೈನಸ್ 1 ಆಗಿ ಕಾಣುತ್ತದೆ, ಫೈಲ್ ಮುಗಿಯಿತು ಅಂದುಕೊಂಡು ಅರ್ಧಕ್ಕೇ ನಿಲ್ಲುತ್ತದೆ, ಅನ್‌ಸೈನ್ಡ್ ಆಗಿರುವ ಕಡೆ ಲೂಪ್ ನಿಲ್ಲುವುದೇ ಇಲ್ಲ.

ಇನ್ನು ಫೈಲ್ ತೆರೆಯುವ ಎಫ್‌ಓಪನ್. ಫೈಲ್ ಸಿಗದಿದ್ದರೆ ಅದು ಕಿರುಚುವುದಿಲ್ಲ, ಸುಮ್ನೆ ನಲ್ ಕೊಟ್ಟು ಕೂರುತ್ತದೆ. ನಾವು ಚೆಕ್ ಮಾಡದೆ ಆ ನಲ್ಲನ್ನೇ ಎಫ್‌ಗೆಟ್ಸ್‌ಗೆ ಕೊಟ್ಟರೆ ಸಾಮಾನ್ಯವಾಗಿ ಪ್ರೋಗ್ರಾಂ ಅಲ್ಲಿ ಬೀಳುತ್ತದೆ. ನಲ್ ಬಂದ ತಕ್ಷಣ ಪಿಎರರ್ ಕರೆಯಿರಿ, ಫೈಲ್ ಇಲ್ಲವೋ, ಪರ್ಮಿಷನ್ ಇಲ್ಲವೋ ಅಂತ ಅದೇ ಹೇಳುತ್ತದೆ. 'ಫೈಲ್ ಕೋಡ್ ಪಕ್ಕದಲ್ಲೇ ಇದೆಯಲ್ಲ' ಅನ್ನಬೇಡಿ. ಪ್ರೋಗ್ರಾಂ ಹುಡುಕುವುದು ಅದು ಓಡುತ್ತಿರುವ ಫೋಲ್ಡರ್‌ನಲ್ಲಿ, ಐಡಿಇ (ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್) ಅದನ್ನು ಬೇರೆ ಕಡೆಯಿಂದ ಓಡಿಸುತ್ತಿರಬಹುದು. ಪೂರ್ತಿ ಪಾತ್ ಬರೆಯುವಾಗ ಬ್ಯಾಕ್‌ಸ್ಲ್ಯಾಶ್ ಆದಮೇಲೆ ಟಿ ಅಕ್ಷರ ಬಂದರೆ ಅದು ಟ್ಯಾಬ್ ಆಗಿಹೋಗುತ್ತದೆ. ಫಾರ್ವರ್ಡ್ ಸ್ಲ್ಯಾಶ್ ಹಾಕಿ, ವಿಂಡೋಸ್‌ನಲ್ಲೂ ನಡೆಯುತ್ತದೆ. ಫೈಲನ್ನು ಓದಲು ತೆರೆಯಬೇಕೋ ಬರೆಯಲೋ ಅಂತ ಹೇಳುವ ಮೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಡಬ್ಲ್ಯೂ ಒಂದನ್ನು ಬಿಟ್ಟು: ಇದ್ದ ಫೈಲನ್ನು ಅದು ತೆರೆದ ಕ್ಷಣವೇ ಖಾಲಿ ಮಾಡುತ್ತದೆ, ನೀವು ಒಂದಕ್ಷರ ಬರೆಯದಿದ್ದರೂ. ನನ್ನ ಇನ್‌ಪುಟ್ ಫೈಲ್ ಒಂದು ಹಾಗೇ ಹೋಯಿತು.

ಡಿಬಗ್ ಮಾಡುವಾಗ ನನ್ನನ್ನು ಜಾಸ್ತಿ ದಾರಿ ತಪ್ಪಿಸಿದ್ದು ಪ್ರಿಂಟ್‌ಎಫ್. ನಡುವೆ ಒಂದು 'ಇಲ್ಲಿಗೆ ಬಂದೆ' ಹಾಕಿದ್ದೆ, ಅದು ಕಾಣಲಿಲ್ಲ, ಹಾಗಾದರೆ ಪ್ರೋಗ್ರಾಂ ಅದಕ್ಕಿಂತ ಮುಂಚೆಯೇ ಬಿದ್ದಿದೆ ಅಂದುಕೊಂಡೆ. ಸುಳ್ಳು. ಆ ಮಾತು ಬಫರ್‌ನಲ್ಲೇ (ತೆರೆಗೆ ಹೋಗುವ ಮುಂಚೆ ಕೂಡಿಡುವ ಜಾಗ) ಉಳಿದು ಪ್ರೋಗ್ರಾಂ ಜೊತೆ ಸತ್ತಿತ್ತು. ಟರ್ಮಿನಲ್‌ನಲ್ಲಿ ಕೊನೆಗೊಂದು ನ್ಯೂಲೈನ್ ಹಾಕಿದರೆ ಸಾಮಾನ್ಯವಾಗಿ ಸಾಕು, ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಅದೂ ಸಾಲದು. ಡಿಬಗ್ ಮಾತುಗಳನ್ನು ಎರರ್ ಮಾತುಗಳಿಗೆಂದೇ ಇರುವ, ಬಫರ್‌ನಲ್ಲಿ ಕಾಯಿಸದ ಎಸ್‌ಟಿಡಿಎರರ್‌ಗೆ ಕಳಿಸುವುದೇ ಒಳ್ಳೆಯದು.

ಸ್ಟ್ರಿಂಗ್ ಪ್ರಿಂಟ್ ಮಾಡುವಾಗ ಎರಡೂ ಬದಿಗೆ ಚೌಕ ಬ್ರ್ಯಾಕೆಟ್ ಹಾಕಿ ನೋಡಿ. ಎಫ್‌ಗೆಟ್ಸ್ ನ್ಯೂಲೈನನ್ನೂ ಸೇರಿಸಿಕೊಂಡು ತರುತ್ತದೆ, ಹಾಗಾಗಿ ಮುಚ್ಚುವ ಬ್ರ್ಯಾಕೆಟ್ ಮುಂದಿನ ಸಾಲಿಗೆ ಬೀಳುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹೆಸರು ಹೋಲಿಸಿದಾಗ ಬೇರೆ ಬೇರೆ ಅಂತ ಬರುವುದು ಇದರಿಂದಲೇ. ವಿಂಡೋಸ್‌ನಲ್ಲಿ ಮಾಡಿದ ಫೈಲನ್ನು ಲಿನಕ್ಸ್‌ನಲ್ಲಿ ಓದಿ, ಆ ನ್ಯೂಲೈನ್ ಒಂದನ್ನೇ ತೆಗೆದಿದ್ದರೆ ಇನ್ನೂ ತಮಾಷೆ: ಮುಚ್ಚುವ ಬ್ರ್ಯಾಕೆಟ್ ಸಾಲಿನ ಶುರುವಿಗೇ ಬಂದು ಕೂರುತ್ತದೆ! ಬ್ರ್ಯಾಕೆಟ್‌ಗಿಂತ ಮುಂಚೆ ಕ್ಯಾರೇಜ್ ರಿಟರ್ನ್ (ಕರ್ಸರನ್ನು ಸಾಲಿನ ಶುರುವಿಗೆ ಒಯ್ಯುವ ಅಕ್ಷರ) ಒಂದು ಉಳಿದಿರುತ್ತದೆ.

ಪ್ರೋಗ್ರಾಂ ಬೀಳುತ್ತಿದ್ದರೆ ಮೈನಸ್ ಜಿ (-g) ಹಾಕಿ ಕಂಪೈಲ್ ಮಾಡಿ, ತಪ್ಪು ಹುಡುಕುವ ಸಾಧನ ಜಿಡಿಬಿಯಲ್ಲಿ ಓಡಿಸಿ, ಬಿದ್ದ ಮೇಲೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ಕೇಳಿ. ಮೇಲಿನ ಸಾಲುಗಳು ಲೈಬ್ರರಿಯ ಒಳಗಿನವು, ಅರ್ಥವಾಗದಿದ್ದರೆ ಗಾಬರಿ ಬೇಡ, ನಿಮ್ಮ ಫೈಲಿನ ಸಾಲು ಬರುವ ತನಕ ಅಪ್ ಅನ್ನುತ್ತಾ ಹೋಗಿ. ಅಲ್ಲಿ ಎಫ್‌ಓಪನ್ ಕೊಟ್ಟ ಫೈಲ್ ಪಾಯಿಂಟರನ್ನು ಪ್ರಿಂಟ್ ಮಾಡಿ. ನಾನು ಮೊದಲ ಸಲ ಹೀಗೆ ನೋಡಿದಾಗ ವಿಳಾಸದ ಜಾಗದಲ್ಲಿ ಸೊನ್ನೆ ಇತ್ತು, ಅಂದರೆ ನಲ್. ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.