ಕರಿ ಚೇಳಲ್ಲೇ ವಿಷ ಜಾಸ್ತಿ ಅಲ್ವಾ?

ಪ್ರಶ್ನೆ: ಚೇಳಿನ ವಿಷದಲ್ಲಿರೋದು ಪ್ರೋಟೀನ್ ಅಂತೀರಿ. ಯಾವ್ಯಾವ ಪ್ರೋಟೀನ್ ಇದೆ ಅಂತ ಹೇಗೆ ಗೊತ್ತಾಗುತ್ತೆ? ಕರಿ ಚೇಳಲ್ಲಿ ವಿಷ ಜಾಸ್ತಿ ಅಲ್ವಾ?

ಉತ್ತರ: ಬೆಂಗಳೂರಲ್ಲಿ ಮೊದಲ ಮಳೆ ಬಿದ್ದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕನಕಪುರ ರಸ್ತೆ ಕಡೆ ಸೈಟಲ್ಲಿ ಚಪ್ಪಡಿ ಎತ್ತಿದಾಗ ಸಿಕ್ಕ ಕರಿ ಚೇಳಿನ ಫೋಟೊ ಕೂಡ ಜೊತೆಗಿರುತ್ತದೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇರಲಿ, ಈ ಸಲ ಬಿಡಿಸಿ ಹೇಳುತ್ತೇನೆ.

ಮೊದಲು ವಿಷ ತೆಗೆಯಬೇಕು. ಚೇಳನ್ನು ಚಿಮಟದಲ್ಲಿ ಹಿಡಿದು ಬಾಲದ ತುದಿಗೆ ಸಣ್ಣಗೆ ಕರೆಂಟ್ ಕೊಡುತ್ತಾರೆ. ಕೊಂಡಿಯಲ್ಲಿ ಮೊದಲು ನೀರಿನಂಥ ತಿಳಿ ಹನಿ, ಆಮೇಲೆ ಹಾಲಿನಂಥದ್ದು. ಒಂದು ಚೇಳಿಂದ ಸಿಗುವುದು ಸಾಸಿವೆ ಕಾಳಿನಷ್ಟು. ಅದರಲ್ಲಿನ ಲೋಳೆ ತೆಗೆದು, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಎಚ್‌ಪಿಎಲ್‌ಸಿ ಅನ್ನೋ ಬೇರ್ಪಡಿಸುವ ಯಂತ್ರದಲ್ಲಿ ಪ್ರೋಟೀನ್‌ಗಳು ಒಂದೊಂದಾಗಿ ಬೇರೆಯಾಗುತ್ತವೆ. ಆಮೇಲೆ ಅವನ್ನು ಟ್ರಿಪ್ಸಿನ್ ಅನ್ನೋ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ತುಂಡು ಮಾಡಿ, ತುಂಡುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಅಣು ತೂಗುವ ಯಂತ್ರದಲ್ಲಿ ನೋಡುತ್ತಾರೆ. ಅದೇ ಚೇಳಿನ ವಿಷದ ಗ್ರಂಥಿಯ ಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟುವ ಸೂಚನೆಯನ್ನು, ಓದಿಟ್ಟುಕೊಂಡಿದ್ದರೆ, ಯಾವ ತುಂಡು ಯಾವ ಪ್ರೋಟೀನಿನದು ಅಂತ ತಾಳೆ ಹಾಕಬಹುದು.

ಈಗ ಕರಿ ಚೇಳಿನ ವಿಷಯ. ದೊಡ್ಡದು, ಕಪ್ಪಗಿದೆ, ಇಕ್ಕಳ ದಪ್ಪಗಿದೆ, ನೋಡಿದರೆ ಎದೆ ಝಲ್ ಅನ್ನುತ್ತದೆ. ಅದಕ್ಕೇ ಅದನ್ನು ಕಂಡಲ್ಲಿ ಹೊಡೆಯುತ್ತಾರೆ. ಬೆರಳುದ್ದದ ಕೆಂಪು ಚೇಳು ಗೋಡೆ ಸಂದಿಯಲ್ಲಿದ್ದರೆ "ಮರಿ, ಬಿಡು" ಅನ್ನುತ್ತಾರೆ. ಅದು ಮರಿಯಲ್ಲ, ಬೆಳೆದ ಚೇಳು. ನಮ್ಮ ದೇಶದಲ್ಲಿ ಜೀವ ತೆಗೆಯುವ ಚೇಳು ಅಂದರೆ ಮುಖ್ಯವಾಗಿ ಅದೇ, ವೈಜ್ಞಾನಿಕ ಹೆಸರು ಹೊಟೆಂಟೋಟ ಟಾಮುಲಸ್.

ಕರಿ ಚೇಳಲ್ಲಿ ವಿಷದ ಹನಿ ದೊಡ್ಡದಿರಬಹುದು. ಆದರೆ ಹನಿಯೊಳಗೆ ಏನಿದೆ ಅನ್ನೋದೇ ಮುಖ್ಯ. ಕೆಂಪು ಚೇಳಿನ ವಿಷದಲ್ಲಿ ಅರವತ್ತು ಎಪ್ಪತ್ತು ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್‌ಗಳಿವೆ. ನರದ ಮೇಲಿನ ಸೋಡಿಯಂ ಬಾಗಿಲು, ಅಂದರೆ ಸೋಡಿಯಂ ಒಳಗೆ ಬಿಡುವ ದಾರಿ, ತೆರೆದುಕೊಂಡಾಗ ಇವು ಅದನ್ನು ಮುಚ್ಚಲು ಬಿಡುವುದಿಲ್ಲ. ನರ ಸುಮ್ಮನಾಗದೆ ಸಿಡಿಯುತ್ತಲೇ ಇರುತ್ತದೆ. ಅಡ್ರಿನಲಿನ್ ಮೈಯೆಲ್ಲ ನುಗ್ಗುತ್ತದೆ. ವಾಂತಿ, ಬೆವರು, ತಣ್ಣಗಾದ ಕೈಕಾಲು, ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಕರಿ ಚೇಳಿನ ವಿಷದಲ್ಲಿ ಹೀಗೆ ಸೋಡಿಯಂ ಬಾಗಿಲು ಹಿಡಿಯುವ ಪ್ರಬಲ ವಿಷ ಕಡಿಮೆ. ಉರಿ, ಊತ ಬರುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಬಣ್ಣ ಬಿಡಿ, ಇಕ್ಕಳ ಮತ್ತು ಬಾಲ ನೋಡಿ. ಸಣ್ಣ ಇಕ್ಕಳ, ದಪ್ಪ ಬಾಲ ಇದ್ದರೆ ಹುಷಾರು. ಯಾವ ಚೇಳು ಅಂತ ಹುಡುಕುತ್ತಾ ಕೂರಬೇಡಿ. ಕುಟುಕಿದ್ದು ಮಗುವಿಗಾದರೆ, ಇಲ್ಲವೇ ಯಾರಿಗಾದರೂ ವಾಂತಿ, ಬೆವರು ಶುರುವಾದರೆ, ಆಸ್ಪತ್ರೆಗೆ ಓಡಿ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಬಿಪಿ ಮಾತ್ರೆ ಪ್ರಜೋಸಿನ್‌ ಬಳಸಿ ಕೆಂಪು ಚೇಳು ಕುಟುಕಿದ ಎಷ್ಟೋ ಜನರನ್ನು ಉಳಿಸಿದ್ದಾರೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನ ಪಾಲಿಗೆ ಅವರು ದೊಡ್ಡ ಮನುಷ್ಯ.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಪ್ರೋಟೀನ್ ಅಂದಮೇಲೆ ಬಿಸಿಗೆ ಕೆಡಬೇಕಲ್ವಾ, ಮೊಟ್ಟೆ ಬೆಂದ ಹಾಗೆ? ಅದಕ್ಕೇ ಕುಟುಕಿದ ಜಾಗಕ್ಕೆ ಕಾದ ಇಟ್ಟಿಗೆ ಇಡುವವರಿದ್ದಾರೆ. ಚರ್ಮ ಸುಡುತ್ತದೆ, ವಿಷ ಕೆಡುವುದಿಲ್ಲ. ಈ ಪುಟ್ಟ ಪ್ರೋಟೀನ್‌ಗಳ ಮೈಯನ್ನು ಗಂಧಕದ ಮೂರು ನಾಲ್ಕು ಗಂಟುಗಳು ಬಿಗಿದಿಟ್ಟಿರುತ್ತವೆ. ಲ್ಯಾಬಲ್ಲೂ ಟ್ರಿಪ್ಸಿನ್ ಹಾಕುವ ಮೊದಲು ಆ ಗಂಟು ಬಿಚ್ಚಲು ಬೇರೆಯದೇ ರಾಸಾಯನಿಕ ಬೇಕು. ಹಾಗೆ ಗಟ್ಟಿಯಾಗಿರುವುದರಿಂದಲೇ ಅವು ಕೆಲಸಕ್ಕೂ ಬರುತ್ತವೆ. 1990ರಲ್ಲಿ ನಮ್ಮ ಈ ಕೆಂಪು ಚೇಳಿನ ವಿಷದಿಂದ ತೆಗೆದ ಐಬೀರಿಯೋಟಾಕ್ಸಿನ್ ನೋಡಿ. 37 ಅಮೈನೋ ಆಮ್ಲ, ಮೂರು ಗಂಟು. ರಕ್ತನಾಳದ ಸ್ನಾಯುವಿನಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಬಾಗಿಲನ್ನು ಮಾತ್ರ ಮುಚ್ಚಿ, ಆ ಬಾಗಿಲ ಕೆಲಸವೇನು ಅಂತ ನೋಡಬೇಕಾದಾಗ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಇವತ್ತೂ ಅದನ್ನೇ ತರಿಸಿಕೊಳ್ಳುತ್ತವೆ.