ಮುರಿದ ಬೋಲ್ಟಿಗೆ ಈಜಿ ಔಟ್ ಹಾಕುವ ಮುಂಚೆ

ಕಬ್ಬು ಕಡಿಯುವ ಕಾಲ ಬಂದರೆ ಮಂಡ್ಯದ ನಮ್ಮ ಗ್ಯಾರೇಜಿನಲ್ಲಿ ಮುರಿದ ಬೋಲ್ಟುಗಳ ಸುಗ್ಗಿ. ಬೋಲ್ಟ್ ಮುರಿಯಿತು ಅಂತ ನನಗೆ ಯಾರ ಮೇಲೂ ಬೇಜಾರಿಲ್ಲ. ತುಕ್ಕು ತಿಂದ ಕಬ್ಬಿಣ, ನನ್ನ ಕೈಯಲ್ಲೂ ಎಷ್ಟೋ ಮುರಿದಿದೆ. ಹೊಟ್ಟೆ ಉರಿಯುವುದು ಅದರೊಳಗೆ ಇನ್ನೊಂದನ್ನು ಮುರಿದು ತಂದಾಗ.

ಹೋದ ಸುಗ್ಗಿಯಲ್ಲಿ ಮದ್ದೂರು ಕಡೆಯ ರೈತರೊಬ್ಬರು ಮಗನ ಜೊತೆ ಟ್ರ್ಯಾಕ್ಟರ್ ತಂದರು. ಇಂಜಿನ್ನಿನ ಹೊಗೆ ಹೊರಗೆ ಬಿಡುವ ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್, ಅಂದರೆ ತಲೆ ಇಲ್ಲದ ಬೋಲ್ಟ್, ಕಟ್ ಆಗಿತ್ತು. 'ಸ್ವಲ್ಪ ಒಳಗೇ ಉಳ್ಕಂಡದೆ ಕಣಣ್ಣ, ಅಷ್ಟೇಯ' ಅಂದರು. ಟಾರ್ಚ್ ಬಿಟ್ಟು ನೋಡಿದೆ. ಕೆಂಪು ತುಕ್ಕಿನ ಸ್ಟಡ್, ಅದರ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಅಕ್ಕಿಕಾಳಿನಷ್ಟು ಹೊಳೆಯುವ ಚೂರು. ಈಜಿ ಔಟ್ ಮುರಿದು ಒಳಗೇ ಕೂತಿತ್ತು. ಈಜಿ ಔಟ್ ಅಂದರೆ ಮುರಿದ ಬೋಲ್ಟಿಗೆ ತೂತು ಹಾಕಿ, ಅದರೊಳಗೆ ಇಳಿಸಿ, ಉಲ್ಟಾ ತಿರುಗಿಸಿ ಬೋಲ್ಟನ್ನು ಹೊರಗೆ ತೆಗೆಯುವ ಗಟ್ಟಿ ಉಕ್ಕಿನ ಸಾಮಾನು. ಹಿಂದಿನ ರಾತ್ರಿ ಹುಡುಗ ಅಂಗಡಿಯಿಂದ ತಂದು ತಾನೇ ಹಾಕಿದ್ದನಂತೆ. ತಲೆ ತಗ್ಗಿಸಿ ನಿಂತಿದ್ದ. ಗದ್ದೆಯಲ್ಲಿ ಕಡಿದ ಕಬ್ಬು ಒಣಗುತ್ತಿತ್ತು. ಬೈಯಲು ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಲೆಕ್ಕ ಇದೆ. ಇದನ್ನು ದಿನಕ್ಕೆ ಒಬ್ಬರಿಗಾದರೂ ಹೇಳುತ್ತೇನೆ. ಆ ಸ್ಟಡ್ 8 ಎಂ.ಎಂ. ದಪ್ಪ. ಪೂರ್ತಿ 8 ಎಂ.ಎಂ. ಇದ್ದಾಗಲೇ ಸ್ಪ್ಯಾನರ್ ಕೊಟ್ಟ ಬಲಕ್ಕೆ ತುಕ್ಕು ಬಿಡಲಿಲ್ಲ, ಸ್ಟಡ್ಡೇ ಮುರಿಯಿತು. ಈಗ ಅದರ ನಡುವೆ ತೂತು ಹಾಕಿ 4 ಎಂ.ಎಂ. ಈಜಿ ಔಟ್ ಇಳಿಸುತ್ತೀರಿ. ದಪ್ಪ ಅರ್ಧ ಆದರೆ ತಿರುಚುವುದನ್ನು ತಡೆಯುವ ಶಕ್ತಿ ಅರ್ಧ ಆಗುವುದಿಲ್ಲ. ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಜಿ ಔಟಿನ ಉಕ್ಕು ಸ್ಟಡ್ಡಿಗಿಂತ ಎರಡು-ಮೂರು ಪಟ್ಟು ಗಟ್ಟಿ ಅಂತಲೇ ಇಟ್ಟುಕೊಳ್ಳಿ, ಆದರೂ ಸ್ಟಡ್ಡಿಗೆ ಇದ್ದ ಶಕ್ತಿಯ ಅರ್ಧಕ್ಕೂ ಬರುವುದಿಲ್ಲ. ಎತ್ತು ಎಳೆಯಲಾಗದ ಗಾಡಿಗೆ ಕರು ಕಟ್ಟಿದ ಹಾಗೆ. ಅದೂ ಅಲ್ಲದೆ ಅದರ ಮೂತಿ ಚೂಪು. ತಿರುಗಿಸಿದಷ್ಟೂ ಆಪು ಬಡಿದ ಹಾಗೆ ಒಳಗೆ ಇಳಿದು ಸ್ಟಡ್ಡನ್ನು ಅಗಲ ಮಾಡುತ್ತದೆ. ಥ್ರೆಡ್ ಇನ್ನೂ ಬಿಗಿಯಾಗುತ್ತದೆ.

ಗಟ್ಟಿ ಉಕ್ಕು ಬಗ್ಗುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ, ಟಕ್ ಅಂತ ಹೋಗುತ್ತದೆ. ಆಮೇಲೆ ಅದನ್ನು ಕೊರೆಯುತ್ತೇನೆ ಅಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರಿ, ಪಕ್ಕದ ಮೆತ್ತನೆ ಲೋಹಕ್ಕೆ ಹೋಗುತ್ತದೆ. ಆಗ ಸ್ಟಡ್ ಕೂತಿರುವ ಇಂಜಿನ್ ಹೆಡ್ಡಿನ ಥ್ರೆಡ್ಡೂ ಹಾಳು. ಒಳಗೆ ಮುರಿದ ಡ್ರಿಲ್ ಬಿಟ್ಟಿನ ಕಥೆಯೂ ಇದೇ.

ಹಾಗಂತ ಈಜಿ ಔಟ್ ಬೇಡವೇ ಬೇಡ ಅನ್ನುತ್ತಿಲ್ಲ. ಬಿಚ್ಚುವಾಗ ಮುರಿಯಿತೋ, ಟೈಟ್ ಮಾಡುವಾಗ ಮುರಿಯಿತೋ, ಅದನ್ನು ಮೊದಲು ನೋಡಬೇಕು. ಬೈಕಿನ 6 ಎಂ.ಎಂ. ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ (ತಿರುಗಿಸಿ ಬಿಗಿಯುವ ಬಲದ ಅಳತೆ) ಸಾಕು. ಉದ್ದದ ಸ್ಪ್ಯಾನರ್ ಹಾಕಿ ಜಾಸ್ತಿ ಬಿಗಿದರೆ ತಲೆ ಎಗರುತ್ತದೆ. ತಲೆ ಹೋದ ಮೇಲೆ ಎಳೆತ ಇರುವುದಿಲ್ಲ, ಒಳಗಿನ ತುಂಡು ಬಹುತೇಕ ಸಡಿಲವಾಗಿಯೇ ಇರುತ್ತದೆ. ಚೂಪು ಮೊನೆಯಿಂದ ಮೆಲ್ಲಗೆ ತಳ್ಳಿದರೂ ಎಷ್ಟೋ ಸಲ ಬಂದುಬಿಡುತ್ತದೆ. ಅಲ್ಲಿ ಈಜಿ ಔಟ್ ಕೆಲಸ ಮಾಡುತ್ತದೆ. ತುಕ್ಕಿಗೆ ಜಾಮ್ ಆಗಿ, ಬಿಚ್ಚುವಾಗ ಮುರಿದಿದ್ದಕ್ಕೆ ದಯವಿಟ್ಟು ಹಾಕಬೇಡಿ.

ಆ ಟ್ರ್ಯಾಕ್ಟರಿಗೆ ಕಾರ್ಬೈಡ್ ಬರ್ (ಗಟ್ಟಿ ಉಕ್ಕನ್ನೂ ಅರೆಯುವ, ಗರಗರ ತಿರುಗುವ ಬಿಟ್) ಹಾಕಿ ಚೂರನ್ನು ಪುಡಿ ಮಾಡುವುದಕ್ಕೇ ಎರಡು ಗಂಟೆ ಹಿಡಿಯಿತು. ಕಣ್ಣಿಗೆ ಕನ್ನಡಕ ಇಲ್ಲದೆ ಇದನ್ನು ಯಾರೂ ಮಾಡಬಾರದು, ಸೂಜಿಯಂಥ ಚೂರುಗಳು ಹಾರುತ್ತವೆ. ಆಮೇಲೆ ಸ್ಟಡ್ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದಲೇ ವೆಲ್ಡಿಂಗ್ ತುಂಬಿದೆ. ನಟ್ ಕೆಂಡದ ಹಾಗೆ ಕೆಂಪಾಯಿತು. ಕೆಂಪು ಹೋಗುವ ತನಕ ಸುಮ್ನೆ ಕಾದೆವು. ಆ ಬಿಸಿಗೆ ತುಕ್ಕಿನ ಹಿಡಿತ ಬಿರಿಯುತ್ತದೆ. ಸ್ಪ್ಯಾನರನ್ನು ಹುಡುಗನ ಕೈಗೇ ಕೊಟ್ಟೆ. 'ಬಿಚ್ಚೋಕೆ ಹೋಗಬೇಡ. ಕೂದಲೆಳೆಯಷ್ಟು ಟೈಟ್ ಮಾಡು, ಅಷ್ಟೇ ಲೂಸ್ ಮಾಡು' ಅಂದೆ. ಐದಾರು ಸಲ ಆ ಕಡೆ ಈ ಕಡೆ ಆಡಿಸಿದ. ಕಿರ್ರ್ ಅಂತ ಸದ್ದು ಬಂತು. ಅವನ ಮುಖ ನೋಡಬೇಕಿತ್ತು.

ವೆಲ್ಡಿಂಗ್ ಎಲ್ಲ ಕಡೆ ನಡೆಯುತ್ತದೆ ಅಂತ ನಾನು ಹೇಳಲಾರೆ. ಹತ್ತಿರ ಡೀಸೆಲ್ ಪೈಪ್ ಇದೆಯಾ, ರಬ್ಬರ್ ಸೀಲ್ ಇದೆಯಾ ನೋಡಬೇಕು. ಬ್ಯಾಟರಿ ವೈರ್ ಬಿಚ್ಚಲೇಬೇಕು, ಇಲ್ಲದಿದ್ದರೆ ಹೊಸ ಗಾಡಿಗಳಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟುಹೋಗಬಹುದು. ಯಾವ ದಾರಿಯೂ ನಡೆಯದಿದ್ದರೆ ಭಾಗವನ್ನು ಬಿಚ್ಚಿ ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ಕಡೆ ಒಯ್ಯಬೇಕು. ಅದು ಕಿಡಿಯಿಂದಲೇ ಎಂಥ ಗಟ್ಟಿ ಉಕ್ಕನ್ನೂ ಕರಗಿಸಿ ತೆಗೆಯುತ್ತದೆ. ಹೆಡ್ ಬಿಚ್ಚುವ ಕೂಲಿ, ಹೊಸ ಗ್ಯಾಸ್ಕೆಟ್, ಓಡಾಟ ಎಲ್ಲ ಸೇರಿದರೆ ಸ್ಟಡ್ಡಿನ ಬೆಲೆಗೆ ಹೋಲಿಸುವ ಹಾಗೇ ಇಲ್ಲ.

ಮುರಿದ ತಕ್ಷಣ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹಾಗೇ ತನ್ನಿ. ಕಿತ್ತುಬಂದ ತಲೆಯನ್ನು ಎಸೆಯಬೇಡಿ, ಅದನ್ನೂ ಜೇಬಿಗೆ ಹಾಕಿಕೊಂಡು ಬನ್ನಿ. ಅದರ ಮೇಲೆ 8.8 ಅಂತಲೋ 10.9 ಅಂತಲೋ ಬರೆದಿರುತ್ತದೆ, ಒಳಗಿರುವುದು ಎಷ್ಟು ಗಟ್ಟಿ ಅಂತ ನನಗೆ ಅದರಿಂದ ತಿಳಿಯುತ್ತದೆ.