ಎದೆ ಕೆಂಪಾದ ಕೂಡಲೇ ಸೋಂಕು ಅನ್ನಬೇಡಿ

ಹಾಲುಣಿಸುವ ತಾಯಂದಿರು ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳ ಹತ್ತಿರ ಬರುವಾಗ ಕಾಯಿಲೆಯ ಹೆಸರನ್ನೂ ಜೊತೆಗೇ ತಂದಿರುತ್ತಾರೆ. ಒಬ್ಬರು ಹಾಲು ಕಟ್ಟಿಕೊಂಡಿದೆ ಅನ್ನುತ್ತಾರೆ, ಇನ್ನೊಬ್ಬರು ನಾಳ ಬ್ಲಾಕ್ ಆಗಿದೆ ಅನ್ನುತ್ತಾರೆ, ಮತ್ತೊಬ್ಬರಿಗೆ ಯಾರೋ ಮಾಸ್ಟೈಟಿಸ್ (ಎದೆಯ ಉರಿಯೂತ) ಅಂತ ಹೇಳಿ ಕಳಿಸಿರುತ್ತಾರೆ. ನೋಡಿದರೆ ಮೂವರಿಗೂ ಆಗಿರುವುದು ಒಂದೇ ಇರಬಹುದು. ಒಂದೇ ಹೆಸರು ಹೊತ್ತು ಬಂದ ಮೂವರಿಗೆ ಮೂರು ಬೇರೆ ತೊಂದರೆ ಇರುವುದೂ ಉಂಟು. ಹೆಸರು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಬೇಡದವರಿಗೆ ಆಂಟಿಬಯಾಟಿಕ್ ಹೋಗುತ್ತದೆ, ನಿಜವಾಗಿ ಬೇಕಾದವರು ಮನೆಯಲ್ಲಿ ಎದೆ ಹಿಂಡುತ್ತಾ ಕೂತಿರುತ್ತಾರೆ.

ಫಿಸಿಯೋಗೆ ಇಲ್ಲೇನು ಕೆಲಸ ಅಂತ ಕೇಳುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಇದು ನಮ್ಮ ವೃತ್ತಿಯ ಮಾಮೂಲಿ ಭಾಗ, ಬೇರೆ ಕಡೆಗಳಲ್ಲಿ ಇನ್ನೂ ಕಡಿಮೆ. ಆದರೆ ಉರಿಯೂತ ಅನ್ನುವುದು ನಾವು ದಿನವಿಡೀ ನೋಡುವ ಸಂಗತಿ. ಕಾಲು ಉಳುಕಿದಾಗ ಏನಾಗುತ್ತದೆ? ಊದುತ್ತದೆ, ಬಿಸಿಯಾಗುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ನೋವು. ಅಲ್ಲಿ ಒಂದು ಬ್ಯಾಕ್ಟೀರಿಯಾ ಕೂಡ ಇರಬೇಕಾಗಿಲ್ಲ. ಎದೆಯಲ್ಲೂ ಹಾಗೆಯೇ ಆಗಬಹುದು. ಹಾಲು ಜಾಸ್ತಿಯಾಗಿ ಒತ್ತಡ ಏರುತ್ತದೆ, ಸುತ್ತಲಿನ ಅಂಗಾಂಶದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಆ ಊತವೇ ಸಣ್ಣ ನಾಳಗಳನ್ನು ಹೊರಗಿನಿಂದ ಅಮುಕುತ್ತದೆ, ಹಾಲು ಇನ್ನಷ್ಟು ನಿಲ್ಲುತ್ತದೆ. ಕೈಗೆ ಗಂಟು ಅಂತ ಸಿಗುವುದು ಬಹುಪಾಲು ಈ ಊದಿದ ಜಾಗವೇ. ನಾಳದೊಳಗೆ ಹಾಲಿನ ಗಟ್ಟಿ ಬಿರಡೆ ಕೂತಿದೆ, ಒತ್ತಿ ತೆಗೆದರೆ ಸರಿಹೋಗುತ್ತದೆ ಅನ್ನುವ ಕಲ್ಪನೆ ಬಹಳ ಹಾನಿ ಮಾಡಿದೆ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು ಹಾಲುಣಿಸುವ ತಾಯಂದಿರ ಎದೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಒಂದು ತೊಟ್ಟಿಗೆ ಸರಾಸರಿ 9 ಮುಖ್ಯ ನಾಳಗಳು ಕಂಡವು. ಪುಸ್ತಕಗಳು 15ರಿಂದ 20 ಅನ್ನುತ್ತಿದ್ದವು. ತೊಟ್ಟಿನ ಹಿಂದೆ ಹಾಲು ತುಂಬಿಕೊಳ್ಳುವ ಚೀಲಗಳಿವೆ ಅನ್ನುವ ಹಳೇ ಚಿತ್ರವೂ ನಿಲ್ಲಲಿಲ್ಲ. ಇರುವುದು ತೆಳುವಾದ, ಸುಲಭವಾಗಿ ಅಮುಕಿಹೋಗುವ ನಾಳಗಳು. ಅವನ್ನು ಹೆಬ್ಬೆರಳಲ್ಲಿ ಒತ್ತಿದರೆ ಇನ್ನಷ್ಟು ಊದುತ್ತವೆ ಅಷ್ಟೇ.

ಹಾಗಾದರೆ ಮಾಸ್ಟೈಟಿಸ್ ಅಂದರೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲೇ ಇದನ್ನು ಎದೆಯ ಉರಿಯೂತ ಎಂದಿತ್ತು, ಸೋಂಕು ಜೊತೆಗಿರಬಹುದು, ಇಲ್ಲದಿರಬಹುದು ಅಂತಲೂ ಹೇಳಿತ್ತು. ಆದರೂ ಬಳಕೆಯಲ್ಲಿ ನಿಂತದ್ದು ಇನ್ನೊಂದು ಅಳತೆ: ಎದೆಯ ಒಂದು ಭಾಗ ಬಿಸಿಯಾಗಿ ಊದಿರಬೇಕು, ಜ್ವರ 38.5 ಡಿಗ್ರಿ ಸೆಲ್ಸಿಯಸ್, ಅಂದರೆ 101.3 ಫ್ಯಾರನ್‌ಹೀಟ್ ದಾಟಿರಬೇಕು, ಚಳಿ, ಮೈಕೈ ನೋವು ಇರಬೇಕು. ಈ ಅಳತೆಯ ತೊಂದರೆ ನಮಗೆ ದಿನವೂ ಕಾಣುತ್ತದೆ. ಜ್ವರ ಇಲ್ಲದೆ ಎರಡು ದಿನದಿಂದ ನೋವಲ್ಲಿ ಒದ್ದಾಡುತ್ತಿರುವವರು ಇದರಲ್ಲಿ ಹಿಡಿಯುವುದಿಲ್ಲ. ಜ್ವರ ಇರುವವರೆಲ್ಲ ಸೋಂಕಿನ ಪಟ್ಟಿಗೆ ಸೇರುತ್ತಾರೆ, ಉರಿಯೂತ ಒಂದೇ ಜ್ವರ ತರಬಲ್ಲದು ಅನ್ನುವುದು ಮರೆತೇ ಹೋಗುತ್ತದೆ. 2022ರಲ್ಲಿ ಹಾಲುಣಿಸುವಿಕೆಯ ವೈದ್ಯರ ಅಂತರರಾಷ್ಟ್ರೀಯ ಸಂಘಟನೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ತನ್ನ ಮಾರ್ಗಸೂಚಿಯನ್ನು ಬದಲಿಸಿ, ನಾಳ ಕಿರಿದಾಗುವುದರಿಂದ ಹಿಡಿದು ಬರೀ ಉರಿಯೂತ, ಬ್ಯಾಕ್ಟೀರಿಯಾ ಸೋಂಕು, ಕೀವುಗಟ್ಟುವುದರವರೆಗೆ ಇದನ್ನು ಒಂದೇ ಹಾದಿಯ ಹಂತಗಳಾಗಿ ನೋಡಿತು. ನನಗೆ ಈ ನೋಟವೇ ಸರಿ ಅನ್ನಿಸುತ್ತದೆ. ನಮ್ಮ ವೃತ್ತಿಯಲ್ಲೇ ಒಮ್ಮತ ಇಲ್ಲ ನಿಜ, ಒಬ್ಬರು ಬ್ಲಾಕ್ ಅಂತ ಬರೆದದ್ದನ್ನು ಇನ್ನೊಬ್ಬರು ಮಾಸ್ಟೈಟಿಸ್ ಅಂತ ಬರೆಯುತ್ತಾರೆ. ಅದಕ್ಕೇ ನಾನು ಕಾರ್ಡಿನಲ್ಲಿ ಹಾಲುಣಿಸುವ ಎದೆಯ ಉರಿಯೂತ ಅಂತ ಬರೆದು, ಯಾವ ಕಡೆ, ಎಷ್ಟು ಜಾಗ, ಇವತ್ತು ಯಾವ ಹಂತ ಅಂತ ಕೆಳಗೆ ಸೇರಿಸುತ್ತೇನೆ.

ಹಂತ ಗೊತ್ತಾಗುವುದು ಮೊದಲು ಮಾತಿನಿಂದ. ಹೆರಿಗೆಯಾಗಿ 3ರಿಂದ 5 ದಿನ ಆಗಿದ್ದು, ಎರಡೂ ಎದೆ ಒಟ್ಟಿಗೆ ಗಟ್ಟಿಯಾಗಿದ್ದರೆ ಅದು ಬಹುತೇಕ ಹಾಲು ಇಳಿಯುವ ಹೊತ್ತಿನ ಬಿಗಿತ. ಕಂಕುಳಲ್ಲಿ ಗಂಟು ಕಂಡು ಹೆದರುವವರೂ ಇದೇ ದಿನಗಳಲ್ಲಿ ಬರುತ್ತಾರೆ, ಕೆಲವರಿಗೆ ಅಲ್ಲೂ ಎದೆಯ ಅಂಗಾಂಶ ಇರುತ್ತದೆ, ಅದೂ ಊದುತ್ತದೆ. ಒಂದೇ ಕಡೆ, ಒಂದೇ ಭಾಗ ಅಂದರೆ ಬೇರೆ ಪ್ರಶ್ನೆಗಳು. ಮಗು ಹಿಂದಿನ ರಾತ್ರಿ ಹಾಲು ಕುಡಿಯದೆ ಮಲಗಿತ್ತಾ? ಪಂಪ್ ಬಳಸಿ ಮಗುವಿಗೆ ಬೇಕಾದ್ದಕ್ಕಿಂತ ಜಾಸ್ತಿ ತೆಗೆಯುತ್ತಿದ್ದೀರಾ? ಬ್ರಾ ಬಿಗಿ ಇದೆಯಾ? ತೊಟ್ಟು ಬಿರಿದಿದೆಯಾ? ಹಿಂದೆಯೂ ಹೀಗಾಗಿತ್ತಾ, ಅದೇ ಜಾಗದಲ್ಲಾ? ನೋವಿನ ಮಾತ್ರೆ ಯಾವಾಗ ನುಂಗಿದಿರಿ ಅಂತ ತಪ್ಪದೆ ಕೇಳುತ್ತೇನೆ, ಯಾಕೆಂದರೆ ಎರಡು ಗಂಟೆ ಮೊದಲು ಪ್ಯಾರಸಿಟಮಾಲ್ ತೆಗೆದುಕೊಂಡವರ ಥರ್ಮಾಮೀಟರ್ ನಾರ್ಮಲ್ ತೋರಿಸಿದರೆ ಅದಕ್ಕೆ ಅರ್ಥವಿಲ್ಲ. ಇನ್ನೊಂದು ಪ್ರಶ್ನೆಯನ್ನು ಮೆತ್ತಗೆ ಕೇಳಬೇಕು: ಯಾರಾದರೂ ಎದೆ ತಿಕ್ಕಿದರಾ, ಎಷ್ಟು ಜೋರಾಗಿ? ಎಷ್ಟೋ ಸಲ ನಾವು ನೋಡುವ ನೋವಿನಲ್ಲಿ ಅರ್ಧ ಆ ತಿಕ್ಕಾಟದ್ದು.

ಆಮೇಲೆ ನೋಡುವುದು, ಮುಟ್ಟುವುದು. ಅನುಮತಿ ಕೇಳಿ, ಬೇಕೆಂದರೆ ಜೊತೆಯವರನ್ನು ಒಳಗೇ ಕೂರಿಸಿಕೊಂಡು. ಎರಡೂ ಎದೆಯನ್ನು ಹೋಲಿಸಿ ನೋಡುತ್ತೇವೆ. ಕಪ್ಪು ಅಥವಾ ಕಂದು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದೇ ಇರಬಹುದು, ಇದನ್ನು ಜೋರಾಗಿ ಹೇಳಬೇಕು, ಕೆಂಪಿಲ್ಲ ಅಂತ ವಾಪಸ್ ಕಳಿಸಿದರೆ ಉರಿಯೂತ ಕೈತಪ್ಪುತ್ತದೆ. ಅಂಥವರಲ್ಲಿ ಚರ್ಮ ಬಿಗಿದು ಹೊಳೆಯುತ್ತಿದೆಯಾ, ಸುತ್ತಲಿಗಿಂತ ಗಾಢವಾಗಿದೆಯಾ ನೋಡಬೇಕು, ಅಂಗೈಯ ಹಿಂಬದಿ ಇಟ್ಟು ಬಿಸಿಯನ್ನು ಇನ್ನೊಂದು ಕಡೆಗೆ ಹೋಲಿಸಬೇಕು, ಬಣ್ಣ ಬದಲಾಗಿದೆಯಾ ಅಂತ ಆ ತಾಯಿಯನ್ನೇ ಕೇಳಬೇಕು. ಬೆರಳು ಚಪ್ಪಟೆಯಾಗಿ, ಹಗುರವಾಗಿ ಓಡಿಸಿ ಗಟ್ಟಿ ಜಾಗದ ಅಂಚು ಹುಡುಕಿ, ಅವರು ಒಪ್ಪಿದರೆ ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ. ಮರುದಿನ ಆ ಗೆರೆಯೇ ಸಾಕ್ಷಿ. ಸಾಧ್ಯವಾದರೆ ಅಲ್ಲೇ ಮಗುವಿಗೆ ಹಾಲುಣಿಸಲು ಹೇಳುತ್ತೇನೆ. ಕುಡಿದ ಮೇಲೆ ಗಂಟು ಸ್ವಲ್ಪವಾದರೂ ಮೆತ್ತಗಾದರೆ ಸಮಾಧಾನ. ಮಗು ಬಾಯಿ ಹಾಕುವ ರೀತಿ ಸರಿಯಿಲ್ಲದಿದ್ದರೆ ಅದೂ ಆಗಲೇ ಕಾಣುತ್ತದೆ.

ಎದೆ ನೋವು ಅಂತ ಬಂದವರಲ್ಲಿ ಎದೆಯ ಸಮಸ್ಯೆಯೇ ಇಲ್ಲದವರೂ ಇರುತ್ತಾರೆ. ಊತ ಇಲ್ಲ, ಬಿಸಿ ಇಲ್ಲ, ಆದರೆ ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗ ಒತ್ತಿದರೆ ಅದೇ ನೋವು ಬರುತ್ತದೆ, ಅಥವಾ ತೋಳೆತ್ತಿದರೆ ಬರುತ್ತದೆ. ಗಂಟೆಗಟ್ಟಲೆ ಬಗ್ಗಿ ಹಾಲುಣಿಸುವವರ ಪಕ್ಕೆಲುಬು, ಸ್ನಾಯು, ಬೆನ್ನಿನ ಮೇಲ್ಭಾಗ ದಣಿದಿರುತ್ತವೆ. ಇದನ್ನು ಕಂಡುಹಿಡಿಯುವುದು ನಮ್ಮ ಕೈಯ ಕೆಲಸ, ಆದರೆ ಅದನ್ನು ಯಾರೂ ನಮ್ಮಿಂದ ಕೇಳುವುದೇ ಇಲ್ಲ. ಹಾಲುಣಿಸಿದ ಕೂಡಲೇ ತೊಟ್ಟು ಬಿಳಚಿಕೊಂಡು ಚುಚ್ಚಿದಂತಾಗುವುದು ರಕ್ತನಾಳ ಬಿಗಿಯುವ ತೊಂದರೆ, ಅದೂ ಬೇರೆ.

ಈಗ ಕಷ್ಟದ ಭಾಗ. ಬರೀ ಉರಿಯೂತವನ್ನೂ ಸೋಂಕನ್ನೂ ಬೇರ್ಪಡಿಸುವ ಒಂದೇ ಒಂದು ಲಕ್ಷಣ ಇಲ್ಲ. ಹಾಲನ್ನು ಲ್ಯಾಬಿಗೆ ಕಳಿಸಿದರೂ ಮೊದಲ ದಿನ ದೊಡ್ಡ ಉಪಯೋಗವಿಲ್ಲ, ಆರೋಗ್ಯವಂತ ತಾಯಿಯ ಹಾಲಿನಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ಔಷಧಕ್ಕೆ ಬಗ್ಗದಿದ್ದಾಗ, ಪದೇ ಪದೇ ಬಂದಾಗ ಆ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಹೆಚ್ಚು ತಿಳಿಸುವುದು ಮುಂದಿನ 24ರಿಂದ 48 ಗಂಟೆ. ಆ ಅವಧಿಯಲ್ಲಿ ಮಗು ಕೇಳಿದಷ್ಟು ಹಾಲು, ಖಾಲಿ ಮಾಡಲೆಂದು ಹೆಚ್ಚುವರಿ ಪಂಪ್ ಬೇಡ, ತಣ್ಣನೆ ಪಟ್ಟಿ, ಡಾಕ್ಟರ್ ಒಪ್ಪಿದ ಉರಿಯೂತ ಇಳಿಸುವ ಮಾತ್ರೆ, ಕಂಕುಳ ಕಡೆಗೆ ಚರ್ಮದ ಮೇಲೆ ಮಾತ್ರ ಹಗುರವಾಗಿ ಸವರುವುದು. ಗಟ್ಟಿ ಜಾಗ ಗೆರೆಗಿಂತ ಚಿಕ್ಕದಾಗುತ್ತಾ ಬಂದರೆ ಅದು ಬಹುತೇಕ ಬರೀ ಉರಿಯೂತವಾಗಿತ್ತು. ದೊಡ್ಡದಾದರೆ, ಜ್ವರ ಬಿಡದಿದ್ದರೆ ಡಾಕ್ಟರ್, ಆಂಟಿಬಯಾಟಿಕ್. ಇದನ್ನು ಸುಮ್ನೆ ಕಾಯುವುದು ಅಂತ ತಿಳಿಯಬೇಡಿ, ಮರುದಿನ ಮತ್ತೆ ನೋಡುವುದು ರೋಗ ಪತ್ತೆಯ ಅರ್ಧ ಭಾಗ. ಆದರೆ ನಡುಗುವಷ್ಟು ಚಳಿ, ಜೋರಾದ ನಾಡಿ, ಬಿರಿದ ತೊಟ್ಟಿನಿಂದ ಬೇಗ ಬೇಗ ಹರಡುತ್ತಿರುವ ಕೆಂಪು, ತಲೆ ಎತ್ತಲಾರದಷ್ಟು ಸುಸ್ತು, ಇವಿದ್ದರೆ ಗಂಟೆ ಎಣಿಸಬಾರದು. ಅವತ್ತೇ ಆಸ್ಪತ್ರೆ.

ಗಟ್ಟಿ ಜಾಗದ ನಡುವೆ ಮೆತ್ತಗೆ, ಒತ್ತಿದರೆ ನೀರು ತುಂಬಿದಂತೆ ತಗ್ಗುವ ಭಾಗ ಸಿಕ್ಕರೆ ಕೀವಿನ ಅನುಮಾನ. ಅದನ್ನು ಬೆರಳು ಖಚಿತ ಮಾಡಲಾರದು, ಸ್ಕ್ಯಾನ್ ಬೇಕು. ಹಾಗೆಯೇ ಆಂಟಿಬಯಾಟಿಕ್ ಮುಗಿದರೂ ಹೋಗದ ಕೆಂಪು, ಹಾಲುಣಿಸುವ ಮೊದಲೂ ಆಮೇಲೂ ಒಂದೇ ಥರ ಇರುವ ಗಂಟು, ದಪ್ಪಗಾಗಿ ಸಣ್ಣ ಸಣ್ಣ ಕುಳಿ ಬಿದ್ದ ಚರ್ಮ, ಹೊಸದಾಗಿ ಒಳಗೆ ಸರಿದ ತೊಟ್ಟು ಕಂಡರೆ ಕ್ಯಾನ್ಸರ್ ಅಲ್ಲ ಅನ್ನುವುದು ಖಾತ್ರಿಯಾಗಬೇಕು. ಹಾಲುಣಿಸುವಾಗ ಸ್ಕ್ಯಾನ್, ಮ್ಯಾಮೋಗ್ರಾಂ, ಬಯಾಪ್ಸಿ ಎಲ್ಲವೂ ಮಾಡಬಹುದು, ಹಾಲು ಬಿಡಿಸಿದ ಮೇಲೆ ನೋಡೋಣ ಅಂತ ಮುಂದೂಡಬೇಡಿ.

ಮೆಷಿನ್ ಇಡಿ ಅಂತ ನೇರವಾಗಿ ಕೇಳುವವರು ತುಂಬಾ. ಚಿಕಿತ್ಸೆಯ ಅಲ್ಟ್ರಾಸೌಂಡ್, ಅಂದರೆ ಒಳಗೆ ನೋಡುವುದಕ್ಕಲ್ಲದೆ ನೋವಿನ ಜಾಗಕ್ಕೆ ಧ್ವನಿತರಂಗ ಹಾಯಿಸುವುದು, ನಮ್ಮಲ್ಲಿ ಹಳೆಯ ಅಭ್ಯಾಸ. ಆದರೆ ಎದೆ ಬಿಗಿತಕ್ಕೆ ಅದನ್ನು ಕೊಟ್ಟು ನೋಡಿದ 1991ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ನಿಜವಾದ ಅಲ್ಟ್ರಾಸೌಂಡ್‌ಗೂ ಹುಸಿ ಚಿಕಿತ್ಸೆಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಂತ ಯಾವುದು ಅಂತ ತಿಳಿಯದೆ ನಾನು ಅದನ್ನು ಮುಟ್ಟುವುದಿಲ್ಲ, ಕೀವಿನ ಅಥವಾ ಗಡ್ಡೆಯ ಅನುಮಾನ ಇದ್ದಾಗಲಂತೂ ಇಲ್ಲವೇ ಇಲ್ಲ.

ಬರುವಾಗ ಇಷ್ಟು ಬರೆದುಕೊಂಡು ಬನ್ನಿ: ನೋವು ಶುರುವಾದ ದಿನ ಮತ್ತು ಹೊತ್ತು, ಯಾವ ಕಡೆ, ಮಾತ್ರೆ ನುಂಗಿದ ಸಮಯ, ಅದಕ್ಕೂ ಮೊದಲು ಜ್ವರ ಎಷ್ಟಿತ್ತು, ಕೊನೆಯ ಸಲ ಮಗು ಆ ಕಡೆ ಕುಡಿದದ್ದು ಯಾವಾಗ. ಮಗುವನ್ನೂ ಕರೆತನ್ನಿ. ನಮ್ಮ ಹತ್ತಿರ ಬರುವವರೆಗೂ ಆ ಕಡೆ ಹಾಲುಣಿಸುವುದನ್ನು ನಿಲ್ಲಿಸಬೇಡಿ.